ಮನೋವ್ಯಥೆಗೊಳಗಾದ ರಯಿತನಿಗೂ ಅವನ ಕುಟುಂಬಕ್ಕೂ ನೆರವು ದೊರಕಿಸುವ ಕ್ರಮ
(ಹುಣಸೂರು ಉಪವಿಭಾಗದ ಗ್ರಾಮ ಮುಖಂಡರ ಮತ್ತು ಭೂಮಾಲೀಕರ ತಿಳಿವಳಿಕೆಗಾಗಿ)

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯು ಲಕ್ಷ್ಮಣತೀರ್ಥ ನದಿಯ ಅಣೆಕಟ್ಟೆಗೂ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಗೂ ಹೆಸರಾದ ಗ್ರಾಮವು. ಇದರ ಸುತ್ತಣ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಗಳ ರಯಿತರಿಗೆ ಬೀಜ, ಗೊಬ್ಬರ, ಬೆಳೆಯ ರೋಗ, ಮಾರಾಟ ಇವುಗಳ ವಿಷಯದಲ್ಲಿ ಯಾರನ್ನು ಕೇಳಬೇಕೆಂಬುದು ಚೆನ್ನಾಗಿ ತಿಳಿದಿರುತ್ತದೆ. ರಯಿತ ಸಂಪರ್ಕ ಕೇಂದ್ರವುಂಟು, ಹುಣಸೂರಿನಲ್ಲಿ ಹೊಗೆಸೊಪ್ಪಿನ ಸಂಶೋಧನಾ ಕೇಂದ್ರವುಂಟು, ತಂಬಾಕು ಮಂಡಳಿಯ ಅಧಿಕಾರಿಗಳುಂಟು. ಆದರೆ ಬೆಳೆಯುವವನ ಮನಸ್ಸೇ ಕುಗ್ಗಿಹೋಗಿ, ಅವನು ಅನ್ನ ನಿದ್ರೆಗಳನ್ನು ಬಿಟ್ಟು, ಬದುಕೇ ಬೇಡವೆನ್ನುವ ಸ್ಥಿತಿಗೆ ಬಂದಾಗ ಆ ರಾತ್ರಿ ಯಾರಿಗೆ ಹೇಳಬೇಕು, ಮರುದಿನ ಬೆಳಿಗ್ಗೆ ಅವನನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು ಎಂದು ವಿಚಾರಿಸಿದರೆ ಅನೇಕ ಗ್ರಾಮಗಳ ಯಜಮಾನರಿಂದ ಸರಿಯಾದ ಉತ್ತರ ಬರುವುದಿಲ್ಲ. ಆ ಉತ್ತರವನ್ನು ತಿಳಿಸುವುದೇ ಈ ಲೇಖನದ ಉದ್ದೇಶವು.

2015ನೆಯ ಇಸವಿಯಲ್ಲಿ ಮಂಡ್ಯ, ಮೈಸೂರು ಮೊದಲಾದ ಜಿಲ್ಲೆಗಳಿಂದ ರಯಿತರ ಆತ್ಮಹತ್ಯೆಯ ಸುದ್ದಿಗಳು ವಾರವಾರವೂ ಬರುತ್ತಿದ್ದುದನ್ನು ಯಾರೂ ಮರೆತಿರಲಾರರು. ಆಗ ಎಲ್ಲರ ಬಾಯಲ್ಲೂ ಇದ್ದ ಮಾತು ಸಾಲವೊಂದೇ. ಸಾಲವು ದೊಡ್ಡ ಕಾರಣವೆಂಬುದರಲ್ಲಿ ಸಂಶಯವಿಲ್ಲ. ಆದರೂ ಒಂದೇ ಊರಿನಲ್ಲಿ, ಒಂದೇ ಮೊತ್ತದ ಸಾಲವುಳ್ಳ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೇಗೋ ಕಾಲ ನೂಕಿ ಒಬ್ಬನು ಮಾತ್ರ ಪ್ರಾಣ ಕಳೆದುಕೊಳ್ಳುವುದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾಕ್ಟರ್ ಜಿ. ಕೆ. ವೀರೇಶ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರವು ನೇಮಿಸಿದ ಸಮಿತಿಯು 2002ರಲ್ಲಿ ಒಪ್ಪಿಸಿದ ವರದಿಯಲ್ಲಿ, ಸಾಲದ ಜೊತೆಗೆ ಕುಡಿತ, ಕುಟುಂಬಕಲಹ, ಕಾಯಿಲೆ ಮೊದಲಾದ ಅನೇಕ ಕಾರಣಗಳು ಹೆಣೆದುಕೊಂಡಿರುವುದನ್ನು ಎತ್ತಿ ತೋರಿಸಿತು. ರಯಿತ ಮುಖಂಡರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ದೋಷವನ್ನೆಲ್ಲ ರಯಿತನ ಮೇಲೆಯೇ ಹೊರಿಸಿದಂತಾಯಿತೆಂದು ಅವರ ಆಕ್ಷೇಪಣೆ. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಗ್ರಾಮದ ಮುಖಂಡನಿಗೆ ಈ ವಾದದಿಂದ ಪ್ರಯೋಜನವು ಸ್ವಲ್ಪ. ಅವನ ಮುಂದೆ ಇರುವುದು ಒಬ್ಬ ಮನುಷ್ಯನು. ಆ ಮನುಷ್ಯನಿಗೆ ಸಾಲದ ಭಾರವೂ ಇರುತ್ತದೆ, ಆ ಭಾರವನ್ನು ಹೊರಲಾರದಂತೆ ಮಾಡಿರುವ ಒಂದು ಕಾಯಿಲೆಯೂ ಇರುತ್ತದೆ. ಸಾಲಕ್ಕೆ ಒಂದು ದಾರಿ, ಕಾಯಿಲೆಗೆ ಇನ್ನೊಂದು ದಾರಿ. ಎರಡನ್ನೂ ಒಟ್ಟಿಗೆ ಹಿಡಿಯದಿದ್ದರೆ ಒಂದರಿಂದ ಫಲವಿಲ್ಲ. ಸಾಲ ತೀರಿದ ಮೇಲೂ ವ್ಯಥೆಯಿಂದ ಏಳದವರುಂಟು. ಔಷಧ ಕೊಡಿಸಿ ಮನೆಗೆ ಕರೆತಂದ ಮೇಲೆ ಮರುದಿನವೇ ಸಾಲಗಾರನು ಬಾಗಿಲಿಗೆ ಬಂದು ಕೂಗಾಡಿದ್ದರಿಂದ ಔಷಧವು ವ್ಯರ್ಥವಾದುದೂ ಉಂಟು.

ಲಕ್ಷಣಗಳನ್ನು ಗುರುತಿಸುವುದು

ಈ ಸೀಮೆಯಲ್ಲಿ ಒಂದು ವಿಶೇಷವಾದ ತೊಡಕುಂಟು. ಮನೋವ್ಯಥೆಯ ಮೊದಲ ಲಕ್ಷಣವು ನಿದ್ರೆ ಕೆಡುವುದು. ಆದರೆ ಹೊಗೆಸೊಪ್ಪನ್ನು ಬಿಡಿಸಿ, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ತುಂಬಿದ ಮೇಲೆ ಐದಾರು ದಿವಸ ಹಗಲು ರಾತ್ರಿ ಬೆಂಕಿಯನ್ನು ಕಾಯಬೇಕಾಗುತ್ತದೆ. ಶಾಖವು ಹೆಚ್ಚಾದರೆ ಸೊಪ್ಪು ಕೆಡುತ್ತದೆ, ಕಡಮೆಯಾದರೆ ಬಣ್ಣ ಬರುವುದಿಲ್ಲ. ಆದುದರಿಂದ ಹದಮಾಡುವ ತಿಂಗಳುಗಳಲ್ಲಿ ಯಾವ ಬೆಳೆಗಾರನಿಗೂ ಸರಿಯಾದ ನಿದ್ರೆಯಿರುವುದಿಲ್ಲ. ಕಣ್ಣು ಕೆಂಪಗಾಗಿ, ಮೈ ಬಡವಾಗಿ, ಮಾತು ಸಿಡುಕಾಗಿರುತ್ತದೆ. ಹೀಗಿರುವಲ್ಲಿ ಕಾಯಿಲೆಯಿಂದ ನಿದ್ರೆ ಬಾರದವನು ಯಾರು, ಬ್ಯಾರನ್ ಕಾಯ್ದು ದಣಿದವನು ಯಾರು ಎಂಬುದು ಮನೆಯವರಿಗೂ ತಿಳಿಯದೆ ಹೋಗುತ್ತದೆ. ಇದನ್ನು ಗೊತ್ತುಮಾಡಲು ಸುಲಭವಾದ ಉಪಾಯವೆಂದರೆ, ಒಂದು ಬ್ಯಾರನ್ ಇಳಿಸಿ ಇನ್ನೊಂದನ್ನು ತುಂಬುವ ನಡುವಣ ಬಿಡುವಿನಲ್ಲಿ ಅವನು ಮಲಗಿ ನಿದ್ರಿಸುತ್ತಾನೆಯೇ ಎಂದು ನೋಡುವುದು. ದಣಿದವನು ಸಿಕ್ಕಿದಲ್ಲಿ ಬಿದ್ದು ನಿದ್ರೆ ಮಾಡುತ್ತಾನೆ. ವ್ಯಥೆಗೊಳಗಾದವನು ಬಿಡುವಿದ್ದಾಗಲೂ ಸೂರು ನೋಡುತ್ತ ಮಲಗಿರುತ್ತಾನೆ, ಇಲ್ಲವೆ ಬೆಳಗಿನ ಜಾವಕ್ಕೆ ಎದ್ದು ಜಗಲಿಯ ಮೇಲೆ ಕುಳಿತಿರುತ್ತಾನೆ. ಹದಮಾಡುವಿಕೆ ಮುಗಿದು ಎರಡು ವಾರವಾದರೂ ಹೀಗೆಯೇ ಇದ್ದಲ್ಲಿ ಅದನ್ನು ಕಾಯಿಲೆಯೆಂದೇ ಎಣಿಸತಕ್ಕದ್ದು.

ಇತರ ಲಕ್ಷಣಗಳು ಯಾರಿಗೂ ಕಾಣುವಂಥವು. ಊಟ ಸೇರದಿರುವುದು, ದನಕರುಗಳ ಮೇಲೆ ಅಕ್ಕರೆ ಹೋಗುವುದು, ಹೊಲದ ಕಡೆ ಮುಖ ಹಾಕದಿರುವುದು, ಮದುವೆ ಹಬ್ಬಗಳಿಗೆ ಬಾರದೆ ತಪ್ಪಿಸಿಕೊಳ್ಳುವುದು, ಎಂದೂ ಕುಡಿಯದವನು ಕುಡಿಯತೊಡಗುವುದು, ಕುಡಿಯುವವನು ಹೆಚ್ಚಿಸುವುದು, ಎದೆ ಉರಿ, ತಲೆ ಭಾರ, ಮೈಕೈ ನೋವೆಂದು ಊರೂರಿನ ಡಾಕ್ಟರುಗಳನ್ನು ಸುತ್ತಿದರೂ ಗುಣವಾಗದಿರುವುದು. ಇವುಗಳಿಗಿಂತ ಮೇಲಾದ ಅಪಾಯದ ಸೂಚನೆಗಳು ಬೇರೆ ಉಂಟು. “ನಾನಿಲ್ಲದಿದ್ದರೆ ಇವರೆಲ್ಲ ಸುಖವಾಗಿರುತ್ತಾರೆ” ಎಂಬ ಮಾತು ಬಂದರೆ ಅದನ್ನು ಬೇಸರದ ಮಾತೆಂದು ತಳ್ಳಿಹಾಕಬಾರದು. ಯಾವ ಕಾರಣವೂ ಇಲ್ಲದೆ ಪಹಣಿ, ಪಾಸುಪುಸ್ತಕಗಳನ್ನು ಹೆಂಡತಿಯ ಕೈಗೊಪ್ಪಿಸಿ ವಿವರ ಹೇಳುವುದು, ಮಗಳನ್ನು ಅಳಿಯನನ್ನು ಕರೆಸಿ ನೋಡಿ ಕಳುಹಿಸುವುದು, ಬಹುದಿನ ಕುದಿಯುತ್ತಿದ್ದವನು ಒಂದು ದಿನ ಇದ್ದಕ್ಕಿದ್ದಂತೆ ಶಾಂತನಾಗುವುದು, ಇವು ಕಂಡ ಕೂಡಲೆ ಮುಖಂಡನು ಬೇರೆ ಕೆಲಸಗಳನ್ನು ಬದಿಗಿಟ್ಟು ಅವನ ಮನೆಗೆ ಹೋಗಬೇಕು. ಕೊನೆಯದನ್ನು ಕಂಡು ‘ಸದ್ಯ, ಸುಧಾರಿಸಿಕೊಂಡ’ ಎಂದು ಮನೆಯವರು ಸಂತೋಷಪಡುವುದೇ ಹೆಚ್ಚು.

ಹೆಂಗಸರಲ್ಲಿ ಈ ವ್ಯಥೆಯು ಕಡಮೆಯೆಂದು ತಿಳಿಯುವುದು ತಪ್ಪು. ಸ್ವಸಹಾಯ ಸಂಘದ ಸಾಲಕ್ಕೂ ಸಣ್ಣ ಸಾಲದ ಕಂಪೆನಿಗಳ ಸಾಲಕ್ಕೂ ಸಹಿ ಹಾಕಿರುವವರು ಅನೇಕ ಮನೆಗಳಲ್ಲಿ ಹೆಂಗಸರೇ. ವಾರದ ಕಂತಿಗೆ ಬಾಗಿಲಲ್ಲಿ ನಿಂತು ಉತ್ತರ ಹೇಳಬೇಕಾದವರೂ ಅವರೇ. ಹೆರಿಗೆಯಾದ ಕೆಲವು ವಾರಗಳಲ್ಲಿ ಬಾಣಂತಿಗೆ ಬರುವ ಖಿನ್ನತೆಯನ್ನು ‘ಗಾಳಿ ಸೋಕಿದೆ’ ಎಂದು ಬಿಟ್ಟುಬಿಡುವುದು ಈಗಲೂ ಕಂಡುಬರುತ್ತದೆ. ಇಂಥ ಮನೆಗಳಿಗೆ ಮುಖಂಡನು ತಾನೇ ಹೋಗುವುದಕ್ಕಿಂತ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಕಳುಹಿಸುವುದು ಲೇಸು.

ನೇರವಾಗಿ ಕೇಳಬೇಕೆಂಬ ವಿಷಯ

‘ಸಾಯುವ ಯೋಚನೆ ಬಂದಿದೆಯೇ’ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುವುದೆಂಬ ಭಯವು ಎಲ್ಲರಲ್ಲಿಯೂ ಉಂಟು. ಈ ಭಯಕ್ಕೆ ಆಧಾರವಿಲ್ಲವೆಂಬುದು ಮನೋವೈದ್ಯರ ಖಚಿತವಾದ ಅಭಿಪ್ರಾಯವು. ಕೇಳುವುದರಿಂದ ಯೋಚನೆಯು ಹುಟ್ಟುವುದಿಲ್ಲ. ಮನಸ್ಸಿನಲ್ಲೇ ಇಟ್ಟುಕೊಂಡು ಬೇಯುತ್ತಿದ್ದವನಿಗೆ ಬಾಯಿ ಬಿಡಲು ಅವಕಾಶವಾಗುತ್ತದೆ. ಆದರೆ ಕೇಳುವ ಕ್ರಮವೊಂದುಂಟು. ಪಂಚಾಯತಿ ಕಟ್ಟೆಯ ಮೇಲೆ ಹತ್ತು ಜನರ ಮುಂದೆ ಕೇಳಬಾರದು. ಸಂಜೆ ಹೊಲದ ಬದುವಿನ ಮೇಲೋ ಮನೆಯ ಹಿತ್ತಿಲಲ್ಲೋ ಕುಳಿತು, ಊರಿನ ಮಾತಿನಲ್ಲೇ, “ಯಾಕ್ಲಾ ತಮ್ಮ, ಮನ್ಸಿಗೆ ಬೋ ಬ್ಯಾಸ್ರ ಮಾಡ್ಕಂಡಂಗೆ ಕಾಣ್ತೀಯೆ. ಬದುಕೋದೇ ಬ್ಯಾಡ ಅಂತ ಏನಾರ ಅನ್ಸದಾ?” ಎಂದು ಕೇಳಿದರೆ ಸಾಕು. ಮೊದಲು “ಏನಿಲ್ಲ ಕಣಣ್ಣ” ಎಂಬ ಉತ್ತರವೇ ಬರುತ್ತದೆ. ಆಗ ಎದ್ದುಬಿಡದೆ ಇನ್ನೂ ಸ್ವಲ್ಪ ಹೊತ್ತು ಕುಳಿತಿರಬೇಕು. ಬುದ್ಧಿವಾದ ಹೇಳುವುದು, “ಹೆಂಡತಿ ಮಕ್ಕಳ ಮುಖ ನೋಡು” ಎನ್ನುವುದು, “ನಿನಗಿಂತ ಹೆಚ್ಚು ಸಾಲವಿರುವವರಿಲ್ಲವೇ” ಎಂದು ಹೋಲಿಸುವುದು, ಇವುಗಳಿಂದ ಅವನು ಇನ್ನಷ್ಟು ನಾಚಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಹಿರಿಯರಿಗೆ ಬುದ್ಧಿವಾದವು ಬಹು ಸುಲಭವಾಗಿ ಬರುತ್ತದೆ; ಸುಮ್ಮನೆ ಕುಳಿತು ಕೇಳುವುದು ಕಷ್ಟ.

“ಹೌದು” ಎಂಬ ಉತ್ತರ ಬಂದರೆ ಆ ರಾತ್ರಿ ಅವನನ್ನು ಒಬ್ಬನನ್ನೇ ಬಿಡಕೂಡದು. ಮನೆಯವರಲ್ಲಿ ಅಥವಾ ಅವನಿಗೆ ಹಿಡಿಸುವ ನೆಂಟರಲ್ಲಿ ಇಬ್ಬರು ಸರದಿಯ ಮೇಲೆ ಜೊತೆಯಲ್ಲಿರಬೇಕು. ಮನೆಯಲ್ಲಿರುವ ಕೀಟನಾಶಕಗಳನ್ನೆಲ್ಲ ಆ ಹೊತ್ತಿಗೇ ಬೇರೆ ಕಡೆಗೆ ಸಾಗಿಸಬೇಕು. ಅನಂತರ ಮಾಡತಕ್ಕದ್ದು 14416 ಎಂಬ ಸಂಖ್ಯೆಗೆ ದೂರವಾಣಿ ಕರೆ.

14416 ಮತ್ತು ಹುಣಸೂರಿನ ಆಸ್ಪತ್ರೆ

ಇದು ‘ಟೆಲಿ ಮಾನಸ್’ ಎಂಬ ಸರ್ಕಾರಿ ಸೇವೆ. 2022ನೆಯ ಅಕ್ಟೋಬರ್ 10ರಂದು ಪ್ರಾರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರವಾಗಿದೆ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆಯಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. 1800-891-4416 ಎಂಬ ಇನ್ನೊಂದು ಸಂಖ್ಯೆಯೂ ಇದೆ. ವ್ಯಥೆಪಡುತ್ತಿರುವವನೇ ಕರೆಯಬೇಕೆಂಬ ನಿಯಮವಿಲ್ಲ; ಹೆಂಡತಿಯಾಗಲಿ, ಮಗನಾಗಲಿ, ಗ್ರಾಮದ ಯಜಮಾನರಾಗಲಿ ಕರೆದು ‘ಇಂಥ ಸ್ಥಿತಿಯಿದೆ, ಏನು ಮಾಡಬೇಕು’ ಎಂದು ಕೇಳಬಹುದು. ಮೊದಲು ತರಬೇತಾದ ಸಲಹೆಗಾರರು ಮಾತನಾಡುತ್ತಾರೆ. ಅವಶ್ಯವೆಂದು ಕಂಡರೆ ಮನೋವೈದ್ಯರಿಗೆ ಒಪ್ಪಿಸುತ್ತಾರೆ. ಸಮೀಪದ ಆಸ್ಪತ್ರೆಯನ್ನೂ ತಿಳಿಸುತ್ತಾರೆ. 2025ರ ಹೊತ್ತಿಗೆ ದೇಶದಲ್ಲಿ ಈ ಸೇವೆಗೆ ಬಂದ ಕರೆಗಳು 20 ಲಕ್ಷಕ್ಕೆ ಮೀರಿದವು. ಹೀಗೆ ಕರೆಯುವುದು ನಾಚಿಕೆಯ ವಿಷಯವೆಂದು ಹಿಂಜರಿಯುವವರಿಗೆ ಈ ಲೆಕ್ಕವನ್ನು ಹೇಳಬಹುದು.

ಪ್ರಾಣಾಪಾಯವು ಅದೇ ಕ್ಷಣದಲ್ಲಿದ್ದರೆ ಮಾತಿಗೆ ಹೊತ್ತಿಲ್ಲ. 108 ಸಂಖ್ಯೆಗೆ ಕರೆದು ಆಂಬುಲೆನ್ಸ್ ತರಿಸಿ ಆಸ್ಪತ್ರೆಗೆ ಸಾಗಿಸಬೇಕು. ವಿಷ ಸೇವಿಸಿದವನಿಗೆ ಉಪ್ಪುನೀರು, ಹುಣಸೆಹುಳಿ, ಸೆಗಣಿನೀರುಗಳನ್ನು ಕುಡಿಸಿ ವಾಂತಿ ಮಾಡಿಸುವ ರೂಢಿಯು ಹಲವು ಹಳ್ಳಿಗಳಲ್ಲಿ ಇನ್ನೂ ಉಂಟು. ಇದು ಬಹಳ ಅಪಾಯಕರ. ವಾಂತಿಯು ಶ್ವಾಸಕೋಶಕ್ಕಿಳಿದು ಅದರಿಂದಲೇ ಪ್ರಾಣ ಹೋಗಬಹುದು. ಮೈಗೆ ಬಟ್ಟೆಗೆ ಔಷಧ ತಗುಲಿದ್ದರೆ ಬಟ್ಟೆ ತೆಗೆದು ನೀರಿನಿಂದ ತೊಳೆಯಬೇಕು, ತೊಳೆಯುವವರು ತಮ್ಮ ಕೈಗೆ ತಗುಲದಂತೆ ನೋಡಿಕೊಳ್ಳಬೇಕು, ಪ್ರಜ್ಞೆ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಬೇಕು, ಔಷಧದ ಡಬ್ಬಿಯನ್ನು ಡಾಕ್ಟರಿಗೆ ತೋರಿಸಲು ಜೊತೆಗೆ ಒಯ್ಯಬೇಕು. ಇಷ್ಟೇ ಮಾಡತಕ್ಕದ್ದು. ಮೇಲುನೋಟಕ್ಕೆ ಚೆನ್ನಾಗಿದ್ದಾನೆಂದು ಮನೆಯಲ್ಲೇ ಇಟ್ಟುಕೊಳ್ಳಕೂಡದು.

ಅಪಾಯವು ಅಷ್ಟು ಹತ್ತಿರವಿಲ್ಲದಾಗ ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ, ಅಲ್ಲಿಂದ ಹುಣಸೂರಿನ ಸರ್ಕಾರಿ ಆಸ್ಪತ್ರೆಗೆ ಹೋಗುವುದು ಕ್ರಮ. 2014ರಲ್ಲಿ ಈ ರಾಜ್ಯದಲ್ಲಿ ಪ್ರಾರಂಭವಾದ ‘ಮನೋಚೈತನ್ಯ’ ಎಂಬ ಕಾರ್ಯಕ್ರಮದಂತೆ ಮನೋವೈದ್ಯರು ಗೊತ್ತಾದ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುವ ಏರ್ಪಾಡಾಯಿತು. ತಮ್ಮ ತಾಲ್ಲೂಕಿಗೆ ತಿಂಗಳಿನ ಯಾವ ಮಂಗಳವಾರವೆಂಬುದನ್ನು ಮುಖಂಡರು ಆಸ್ಪತ್ರೆಯಲ್ಲಿ ಮುಂಚಿತವಾಗಿಯೇ ವಿಚಾರಿಸಿ, ಗ್ರಾಮ ಪಂಚಾಯತಿಯ ಕಚೇರಿಯಲ್ಲೂ ಹಾಲಿನ ಡೇರಿಯಲ್ಲೂ ಬರೆದು ಹಾಕಿಸುವುದು ಉಚಿತ. ಡೇರಿಯನ್ನು ಹೇಳಿದ ಕಾರಣವೇನೆಂದರೆ, ಪಂಚಾಯತಿ ಕಚೇರಿಗೆ ಕೆಲಸವಿದ್ದವರು ಮಾತ್ರ ಹೋಗುತ್ತಾರೆ. ಡೇರಿಗೆ ದಿನಕ್ಕೆರಡು ಸಲ ಎಲ್ಲ ಮನೆಗಳಿಂದಲೂ, ಅದರಲ್ಲಿಯೂ ಹೆಂಗಸರು, ಬರುತ್ತಾರೆ. ಹೆಚ್ಚಿನ ಚಿಕಿತ್ಸೆ ಬೇಕಾದವರಿಗೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಮನೋರೋಗದ ವಿಭಾಗವಿದೆ. ಹುಣಸೂರಿನಿಂದ ಸುಮಾರು 45 ಕಿಲೋಮೀಟರು, ಬಸ್ಸುಗಳಿಗೆ ಕೊರತೆಯಿಲ್ಲ. ಅಲ್ಲಿಗೂ ಮೀರಿದ್ದಕ್ಕೆ ನಿಮ್ಹಾನ್ಸ್.

ಈ ನಿಮ್ಹಾನ್ಸ್ ಸಂಸ್ಥೆಯ ವಿಷಯದಲ್ಲಿ ಹಳ್ಳಿಗಳಲ್ಲಿ ‘ಹುಚ್ಚಾಸ್ಪತ್ರೆ’ ಎಂಬ ಹಳೆಯ ಹೆಸರೂ ಅದರೊಡನೆ ಭಯವೂ ಉಳಿದುಕೊಂಡಿವೆ. ಅದು ಹಿಂದಿನ ಮೈಸೂರು ಸಂಸ್ಥಾನದ ಕಾಲದಿಂದ ಬೆಳೆದುಬಂದ ಸಂಸ್ಥೆ. 1925ರಲ್ಲಿಯೇ ಸಂಸ್ಥಾನದವರು ‘ಹುಚ್ಚರ ಆಶ್ರಯ’ವೆಂಬ ಅರ್ಥದ ಹೆಸರನ್ನು ತೆಗೆದು ಅದನ್ನು ಮಾನಸಿಕ ಆಸ್ಪತ್ರೆಯೆಂದು ಕರೆದರು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ, 1974ರಲ್ಲಿ ಎರಡೂ ಕೂಡಿ ಈಗಿನ ಸಂಸ್ಥೆಯಾಯಿತು. ಪಟ್ಟಣದ ಆಸ್ಪತ್ರೆಗೆ ಹಳ್ಳಿಯವರನ್ನು ಬರಮಾಡಿಕೊಳ್ಳುವುದಕ್ಕಿಂತ ಚಿಕಿತ್ಸೆಯನ್ನೇ ಹಳ್ಳಿಗೆ ಒಯ್ಯಬಹುದೆಂಬುದನ್ನು ಈ ಸಂಸ್ಥೆಯವರು ಮೊದಲು ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿಯೂ, ಅನಂತರ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಪ್ರಯೋಗಮಾಡಿ ತೋರಿಸಿದರು. ಬಳ್ಳಾರಿಯ ಆ ಮಾದರಿಯನ್ನೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ದೇಶದಲ್ಲೆಲ್ಲ ಹರಡಿದರು. ಹುಣಸೂರಿನ ಆಸ್ಪತ್ರೆಯಲ್ಲಿ ದೊರೆಯುವ ಮಾತ್ರೆಯು ಕನ್ನಡನಾಡಿನ ಹಳ್ಳಿಗಳಲ್ಲೇ ಪರೀಕ್ಷಿಸಲ್ಪಟ್ಟ ಏರ್ಪಾಡಿನ ಫಲವೆಂಬುದನ್ನು ರಯಿತರಿಗೆ ತಿಳಿಸಿದರೆ ಭಯವು ಕೊಂಚ ಕಡಮೆಯಾದೀತು.

ಔಷಧದ ವಿಷಯದಲ್ಲಿ ತಿಳಿದಿರಬೇಕಾದ ಮುಖ್ಯಾಂಶವು ಕಾಲದ್ದು. ಖಿನ್ನತೆಗೆ ಕೊಡುವ ಮಾತ್ರೆಗಳು ತಲೆನೋವಿನ ಮಾತ್ರೆಯಂತೆ ಅಂದೇ ಗುಣ ತೋರುವುದಿಲ್ಲ. ಎರಡರಿಂದ ನಾಲ್ಕು ವಾರಗಳು ಬೇಕು. ಮೊದಲ ವಾರದಲ್ಲಿ ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಮೊದಲಾದ ತೊಂದರೆಗಳಾಗಿ ‘ಇದರಿಂದೇನೂ ಆಗಲಿಲ್ಲ’ ಎಂದು ಮಾತ್ರೆಯನ್ನು ಬಿಡುವವರೇ ಹೆಚ್ಚು. ಗುಣ ಕಂಡ ಮೇಲೂ ಡಾಕ್ಟರು ಹೇಳುವವರೆಗೆ, ಸಾಮಾನ್ಯವಾಗಿ ಹಲವು ತಿಂಗಳು, ಮುಂದುವರಿಸಬೇಕು. ದೇವರಿಗೆ ಹರಕೆ ಹೊರುವುದನ್ನು ಬೇಡವೆನ್ನುವ ಅಗತ್ಯವಿಲ್ಲ. ಹರಕೆಯೂ ನಡೆಯಲಿ, ಮಾತ್ರೆಯೂ ನಡೆಯಲಿ. ಆದರೆ ರೋಗಿಯನ್ನು ಹೊಡೆಯುವ, ಹೊಗೆ ಹಾಕುವ, ಸರಪಳಿಯಿಂದ ಕಟ್ಟುವ ಮಂತ್ರವಾದಿಗಳಲ್ಲಿಗೆ ಒಯ್ಯಕೂಡದು. 2001ನೆಯ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಿಲಿಗೆ ಬೆಂಕಿ ಬಿದ್ದಾಗ, ಸರಪಳಿ ಹಾಕಿ ಕಟ್ಟಿದ್ದ ರೋಗಿಗಳು ಓಡಲಾರದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಶಾಸನವು ಸರಪಳಿ ಹಾಕುವುದನ್ನು ಸಂಪೂರ್ಣವಾಗಿ ನಿಷೇಧಿಸಿದೆ.

ಕುಡಿತದ ವಿಷಯದಲ್ಲಿ ಒಂದು ಎಚ್ಚರಿಕೆ. ಊರಿನ ಯಜಮಾನರು ಕುಡುಕನನ್ನು ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿ ಅಂದಿನಿಂದಲೇ ಬಿಡಿಸುವುದು ಒಳ್ಳೆಯ ಉದ್ದೇಶದಿಂದಲೇ. ಆದರೆ ಬಹು ವರ್ಷಗಳಿಂದ ದಿನವೂ ಹೆಚ್ಚಾಗಿ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸು, ಭ್ರಮೆಗಳುಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವನಿಗೆ ಆಣೆ ಮಾಡಿಸುವ ದಿನವೇ ಆಸ್ಪತ್ರೆಗೂ ಸೇರಿಸುವುದು ಅವಶ್ಯಕ.

ಕೀಟನಾಶಕಗಳನ್ನು ಇಡುವ ಕ್ರಮ

ಇದು ನೇರವಾಗಿ ವ್ಯವಸಾಯಕ್ಕೆ ಸೇರಿದ ವಿಷಯ. ಪ್ರಾಣ ಕಳೆದುಕೊಳ್ಳುವ ಯೋಚನೆಯು ಅನೇಕರಲ್ಲಿ ಕೆಲವು ಗಳಿಗೆಯ ಕಾಲ ಮಾತ್ರ ಉಗ್ರವಾಗಿದ್ದು ಅನಂತರ ಇಳಿಯುತ್ತದೆ. ಆ ಗಳಿಗೆಯಲ್ಲಿ ಕೈಗೆ ಏನೂ ಸಿಕ್ಕದಿದ್ದರೆ ಮನುಷ್ಯನು ಉಳಿಯುತ್ತಾನೆ. ಲಂಕಾದ್ವೀಪದ ಸರ್ಕಾರವು 1995ರಲ್ಲಿ ಅತಿ ವಿಷಕರವಾದ ಕೀಟನಾಶಕಗಳನ್ನೂ 1998ರಲ್ಲಿ ಎಂಡೋಸಲ್ಫಾನನ್ನೂ ನಿಷೇಧಿಸಿದ ಮೇಲೆ, 1995ರಿಂದ ಹತ್ತು ವರ್ಷಗಳಲ್ಲಿ ಆ ದೇಶದ ಆತ್ಮಹತ್ಯೆಯ ಪ್ರಮಾಣವು ಸುಮಾರು ಅರ್ಧಕ್ಕಿಳಿಯಿತು. ಬೆಳೆಯ ಇಳುವರಿಯು ಇದರಿಂದ ಕುಗ್ಗಲಿಲ್ಲ.

ಹಾಗಾದರೆ ಮನೆಯಲ್ಲೇ ಒಂದು ಪೆಟ್ಟಿಗೆ ಮಾಡಿಸಿ ಬೀಗ ಹಾಕಿದರೆ ಸಾಲದೇ ಎಂದು ಕೇಳಬಹುದು. ಅದೇ ಲಂಕೆಯಲ್ಲಿ 180 ಗ್ರಾಮಗಳನ್ನು ತೆಗೆದುಕೊಂಡು, ಕೆಲವು ಗ್ರಾಮಗಳ ಮನೆಮನೆಗೂ ಬೀಗದ ಪೆಟ್ಟಿಗೆಗಳನ್ನು ಹಂಚಿ, ಉಳಿದವುಗಳಿಗೆ ಹಂಚದೆ ಹೋಲಿಸಿ ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಪೆಟ್ಟಿಗೆಯು ಮನೆಯಲ್ಲೇ, ಬೀಗದ ಕೈಯೂ ಮನೆಯಲ್ಲೇ ಇದ್ದ ಮೇಲೆ ಇದು ಆಶ್ಚರ್ಯವಲ್ಲ. ತಮಿಳುನಾಡಿನ ಕಡಲೂರು ಜಿಲ್ಲೆಯ ಕಾಟ್ಟುಮನ್ನಾರ್‌ಕೋಯಿಲ್ ಬಳಿಯ ಎರಡು ಹಳ್ಳಿಗಳಲ್ಲಿ ಮಾಡಿದ ಏರ್ಪಾಡು ಇದಕ್ಕಿಂತ ಲೇಸಾಗಿ ತೋರುತ್ತದೆ. ಅಲ್ಲಿ ಊರಿಗೊಂದು ಸಾಮಾನ್ಯವಾದ ಕೋಣೆಯನ್ನು ಕಟ್ಟಿ, ಪ್ರತಿ ರಯಿತನಿಗೂ ಒಂದೊಂದು ಖಾನೆ ಕೊಟ್ಟು, ಒಂದು ಬೀಗದ ಕೈ ರಯಿತನಲ್ಲಿ, ಇನ್ನೊಂದು ಕಾವಲಿನವನಲ್ಲಿ ಇರುವಂತೆ ಮಾಡಿದರು. ಔಷಧ ಬೇಕಾದವನು ಇನ್ನೊಬ್ಬನ ಮುಖ ನೋಡಿಯೇ ತೆಗೆಯಬೇಕು. ಅದು ಸಣ್ಣ ಪ್ರಯೋಗವೇ ಆದರೂ ಹಳ್ಳಿಯವರು ಒಪ್ಪಿ ನಡೆಸಿದರೆಂಬುದು ಗಮನಿಸತಕ್ಕದ್ದು. ಹತ್ತಿಪ್ಪತ್ತು ಎಕರೆ ಉಳ್ಳ ಭೂಮಾಲೀಕರು ತಮ್ಮ ಜಮೀನಿನ ಪಂಪುಮನೆಯಲ್ಲಿ, ವಾಸದ ಮನೆಯಿಂದ ದೂರದಲ್ಲಿ, ತಮಗೂ ತಮ್ಮ ಗುತ್ತಿಗೆದಾರರಿಗೂ ಸೇರಿ ಇಂಥ ಏರ್ಪಾಡನ್ನು ಮಾಡುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಅದೂ ಆಗದಿದ್ದರೆ ಆ ವಾರದ ಸಿಂಪರಣೆಗೆ ಬೇಕಾದಷ್ಟನ್ನು ಮಾತ್ರ ಕೊಳ್ಳುವುದು, ಉಳಿದುದನ್ನು ಮನೆಗೆ ತಾರದಿರುವುದು. ಅಂಗಡಿಯವನು ಸಾಲದ ಮೇಲೆ ಕೊಡುತ್ತಾನೆಂದು ಲೀಟರುಗಟ್ಟಲೆ ತಂದಿಡುವುದು ಯಾವ ಲೆಕ್ಕದಿಂದಲೂ ಒಳ್ಳೆಯದಲ್ಲ.

ಮೊಕದ್ದಮೆಯ ಭಯ

ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕಿದವನನ್ನು ಪೋಲೀಸಿನವರು ಹಿಡಿಯುತ್ತಾರೆಂಬ ಭಯದಿಂದ ಮನೆಯವರು ಸರ್ಕಾರಿ ಆಸ್ಪತ್ರೆಗೆ ಹೋಗದೆ ಕಾಲ ಕಳೆಯುವುದುಂಟು. 1860ರ ದಂಡಸಂಹಿತೆಯ 309ನೆಯ ಕಲಮಿನಲ್ಲಿ ಹಾಗಿದ್ದುದು ನಿಜ. ಆದರೆ 2018ನೆಯ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಶಾಸನದ 115ನೆಯ ಕಲಮು, ಅಂಥವನು ತೀವ್ರವಾದ ಮನೋವೇದನೆಯಲ್ಲಿದ್ದನೆಂದೇ ಭಾವಿಸತಕ್ಕದ್ದು, ದಂಡಿಸಕೂಡದು, ಸರ್ಕಾರವು ಅವನಿಗೆ ಚಿಕಿತ್ಸೆಯನ್ನೊದಗಿಸಬೇಕು ಎಂದು ವಿಧಿಸಿತು. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮೇ ಇಲ್ಲ. ಸರ್ಕಾರಿ ನೌಕರನನ್ನು ಬಲವಂತಪಡಿಸಲು ಅಥವಾ ಅವನ ಕೆಲಸವನ್ನು ತಡೆಯಲು ಹೀಗೆ ಮಾಡುವುದು ಮಾತ್ರ ಅಪರಾಧವಾಗಿ ಉಳಿದಿದೆ. ಆಸ್ಪತ್ರೆಯವರು ಪೋಲೀಸಿಗೆ ತಿಳಿಸುತ್ತಾರೆ, ಹೇಳಿಕೆ ಪಡೆಯುತ್ತಾರೆ, ಅಷ್ಟಕ್ಕೆ ಹೆದರಬೇಕಾದುದಿಲ್ಲ. ಒಮ್ಮೆ ಪ್ರಯತ್ನಿಸಿ ಉಳಿದವನಿಗೆ ಮುಂದಿನ ಕೆಲವು ತಿಂಗಳುಗಳು ಬಹಳ ಅಪಾಯದ ಕಾಲ. ಹೊಟ್ಟೆಯ ಚಿಕಿತ್ಸೆ ಮುಗಿಯಿತೆಂದು ಮನೆಗೆ ಕರೆತಂದು ಸುಮ್ಮನಾಗದೆ ಮನೋವೈದ್ಯರಿಗೂ ತೋರಿಸಿಯೇ ಬರಬೇಕು.

ಸಾಲಿಗರ ವಿಷಯ

ಈ ಪತ್ರಿಕೆಯನ್ನು ಓದುವ ಭೂಮಾಲೀಕರಲ್ಲಿ ಅನೇಕರು ಸಾಲ ಕೊಟ್ಟವರೂ ಆಗಿರುತ್ತಾರೆ. ಆದುದರಿಂದ ಇದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಒಳ್ಳೆಯದು. ಬ್ಯಾಂಕಿನ ಸಾಲವು ಹರಾಜಿನ ಹಣದಲ್ಲಿ ಮುರಿದುಕೊಳ್ಳಲ್ಪಡುತ್ತದೆ. ಉಳಿದ ಹಣಕ್ಕೆ ಕಾದು ಕುಳಿತಿರುವವರು ಗೊಬ್ಬರದ ಅಂಗಡಿಯವರು, ಸೌದೆಯವರು, ಜಮೀನನ್ನೂ ಬ್ಯಾರನ್ನನ್ನೂ ಗುತ್ತಿಗೆಗೆ ಕೊಟ್ಟವರು, ಕೈಸಾಲ ಕೊಟ್ಟ ಊರಿನವರು. ದರ ಇಳಿದ ವರ್ಷ ಇವರೆಲ್ಲ ಒಂದೇ ವಾರದಲ್ಲಿ ಬರುತ್ತಾರೆ. ಒಬ್ಬೊಬ್ಬರ ಬಾಕಿಯೂ ಸಣ್ಣದೇ. ಆದರೆ ಎಲ್ಲರೂ ನೆರೆಯವರ ಎದುರಿಗೆ ಕೇಳುವುದರಿಂದ ಮಾನಕ್ಕೆ ಪೆಟ್ಟು ಬೀಳುತ್ತದೆ. ಬಾಕಿಯ ಮೊತ್ತಕ್ಕಿಂತಲೂ ಈ ಅವಮಾನವೇ ಅನೇಕರ ಎದೆಯನ್ನು ಒಡೆಯುವುದು. ಮುಖಂಡನು ಇಂಥ ರಯಿತನ ಸಾಲಿಗರನ್ನೆಲ್ಲ ಒಂದು ದಿನ ಪ್ರತ್ಯೇಕವಾಗಿ ಕೂಡಿಸಿ, ಲೆಕ್ಕ ಬರೆಸಿ, ಮುಂದಿನ ಹರಾಜಿನವರೆಗೆ ಅಥವಾ ಎರಡು ಹರಾಜಿಗೆ ಹಂಚಿ ಕಂತು ಗೊತ್ತುಮಾಡಿ, ಅಲ್ಲಿಯವರೆಗೆ ಯಾರೂ ಅವನ ಬಾಗಿಲಿಗೆ ಹೋಗಕೂಡದೆಂದು ಒಪ್ಪಿಸಿದರೆ, ಅದು ಯಾವ ಮಾತ್ರೆಗೂ ಕಡಮೆಯಾದುದಲ್ಲ. ಸಾಲಿಗನಿಗೂ ಇದರಿಂದ ನಷ್ಟವಿಲ್ಲ. ರಯಿತನು ಉಳಿದರೆ ತಾನೇ ಬಾಕಿ ಬರುವುದು.

ಸಣ್ಣ ಸಾಲದ ಕಂಪೆನಿಗಳವರೂ ಖಾಸಗಿ ಲೇವಾದೇವಿಯವರೂ ಬಲಾತ್ಕಾರದಿಂದ ವಸೂಲು ಮಾಡುವುದನ್ನು ತಡೆಯಲು ರಾಜ್ಯ ಸರ್ಕಾರವು 2025ನೆಯ ಫೆಬ್ರವರಿಯಲ್ಲಿ ಅಧ್ಯಾದೇಶವನ್ನು ಹೊರಡಿಸಿ, ಅನಂತರ ಅದನ್ನು ಶಾಸನವಾಗಿ ಮಾಡಿತು. ಬೆದರಿಸಿ, ಮನೆಯ ಮುಂದೆ ಕುಳಿತು, ಮನೆಯವರನ್ನು ಹಿಂಬಾಲಿಸಿ ವಸೂಲು ಮಾಡಿದವರಿಗೆ ಹತ್ತು ವರ್ಷದವರೆಗೆ ಸೆರೆವಾಸವನ್ನೂ ಐದು ಲಕ್ಷ ರೂಪಾಯಿಯವರೆಗೆ ಜುಲ್ಮಾನೆಯನ್ನೂ ವಿಧಿಸಬಹುದಾಗಿದೆ. ದೂರನ್ನು ಪೋಲೀಸ್ ಠಾಣೆಯಲ್ಲಿ ಕೊಡಬಹುದು. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕಿನ ಕಾನೂನು ಸೇವಾ ಸಮಿತಿಯನ್ನು ಕೇಳಿಕೊಳ್ಳಬಹುದು.

ಮರಣ ಸಂಭವಿಸಿದ ಮನೆಯಲ್ಲಿ

ಎಷ್ಟು ಎಚ್ಚರದಿಂದಿದ್ದರೂ ಕೆಲವು ವೇಳೆ ಅನಾಹುತವು ನಡೆದುಹೋಗುತ್ತದೆ. ಆಗ ಉಳಿದವರನ್ನು ನೋಡಿಕೊಳ್ಳಬೇಕಾದುದು ಮುಖಂಡರ ಹೊಣೆ. ‘ಹೆಂಡತಿಯ ಕಾಟಕ್ಕೆ ಸತ್ತ’ ಎಂಬಂಥ ಮಾತುಗಳು ಹುಟ್ಟಿದ ಕೂಡಲೆ ಅವನ್ನು ಅಡಗಿಸತಕ್ಕದ್ದು. ಹೆಂಡತಿ ಮಕ್ಕಳಿಗೂ ವ್ಯಥೆಯು ಆಳವಾಗಿ ನಾಟಿರುವುದರಿಂದ ಅವರ ಪರವಾಗಿಯೂ 14416ಕ್ಕೆ ಕರೆಯಬಹುದು. ಮಕ್ಕಳು ಶಾಲೆ ಬಿಡದಂತೆ ಉಪಾಧ್ಯಾಯರಿಗೆ ಹೇಳಿಡಬೇಕು.

ಸಾಲಬಾಧೆಯಿಂದ ಮೃತನಾದ ರಯಿತನ ಕುಟುಂಬಕ್ಕೆ ಸರ್ಕಾರವು ಕೊಡುವ ಪರಿಹಾರವನ್ನು 2015ರಲ್ಲಿ ಐದು ಲಕ್ಷ ರೂಪಾಯಿಗೆ ಏರಿಸಲಾಯಿತು. ವಿಧವೆಗೆ ಮಾಸಾಶನದ ಏರ್ಪಾಡೂ ಉಂಟು. ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯು ಪೋಲೀಸ್ ದಾಖಲೆ, ಮರಣೋತ್ತರ ಪರೀಕ್ಷೆಯ ವರದಿ, ಪಹಣಿ, ಸಾಲದ ಕಾಗದಪತ್ರಗಳನ್ನು ನೋಡಿ ತೀರ್ಮಾನಿಸುತ್ತದೆ. ಇಲ್ಲಿ ಬಾಯಿಮಾತಿನ ಗುತ್ತಿಗೆಯ ಮೇಲೆ ಸಾಗುವಳಿ ಮಾಡಿದವರ ಮನೆಗೆ ತೊಡಕುಂಟಾಗುತ್ತದೆ. ಪಹಣಿಯಲ್ಲಿರುವುದು ಮಾಲೀಕನ ಹೆಸರು. ಮಾಲೀಕನು ‘ಗುತ್ತಿಗೆಯೆಂದು ಬರೆದುಕೊಟ್ಟರೆ ಜಮೀನು ಕೈಬಿಟ್ಟೀತು’ ಎಂದು ಅಂಜಿ ಸುಮ್ಮನಿದ್ದುಬಿಡುತ್ತಾನೆ. ಹಿಂದಿನ ಭೂಸುಧಾರಣೆಯ ದಿನಗಳ ನೆನಪಿನಿಂದ ಈ ಅಂಜಿಕೆ ಬಂದಿದೆ. ಆದರೆ ತನ್ನ ಹೊಲದಲ್ಲಿ ದುಡಿದವನ ಹೆಂಡತಿಯು ಕಚೇರಿಯಿಂದ ಬರಿಗೈಯಲ್ಲಿ ಹಿಂದಿರುಗುವುದನ್ನು ನೋಡುತ್ತ ಜಗಲಿಯಲ್ಲಿ ಕುಳಿತಿರುವುದು ಮಾಲೀಕನಾದವನಿಗೆ ಶೋಭಿಸುವುದಿಲ್ಲ. ಅಂಜಿಕೆಯಿದ್ದವರು ಕಾನೂನು ಸೇವಾ ಸಮಿತಿಯ ಅಥವಾ ತಮ್ಮ ವಕೀಲರ ಸಲಹೆ ಪಡೆದು, ಇಂಥ ವರ್ಷ ಇಂಥವನು ಈ ಹೊಲದಲ್ಲಿ ಬೆಳೆಯಿಟ್ಟಿದ್ದನೆಂಬಷ್ಟು ಹೇಳಿಕೆಯನ್ನಾದರೂ ಸಮಿತಿಯ ಮುಂದೆ ಕೊಡಬಹುದು.

ಹೊಗೆಸೊಪ್ಪಿನ ಸಸಿಯನ್ನು ಹೊಲಕ್ಕೆ ನೆಡುವುದು ಮೇ ತಿಂಗಳಿನಲ್ಲಿ. ಅದಕ್ಕೆ ಮುಂಚೆ, ಸಾಲದ ಮಾತುಕತೆ ನಡೆಯುವ ದಿನಗಳಲ್ಲಿಯೇ, ಪ್ರತಿ ಗ್ರಾಮದ ಮುಖಂಡರೂ ಆಸ್ಪತ್ರೆಯ ಮಂಗಳವಾರವನ್ನು ವಿಚಾರಿಸಿಕೊಂಡು, 14416 ಮತ್ತು 108 ಸಂಖ್ಯೆಗಳನ್ನು ಡೇರಿಯಲ್ಲೂ, ರಾತ್ರಿ ಬೆಂಕಿ ಕಾಯುವವರ ಕಣ್ಣಿಗೆ ಬೀಳುವಂತೆ ಬ್ಯಾರನ್ ಮನೆಗಳ ಗೋಡೆಯ ಮೇಲೂ ದಪ್ಪಕ್ಷರದಲ್ಲಿ ಬರೆಯಿಸತಕ್ಕದ್ದು.